ರಾತ್ರಿ ಎರಡು ಗಂಟೆಗೆ ಯಾರು ಏಳ್ತಾರೆ?

ನನ್ನ ಬ್ಯಾಗಿನಲ್ಲಿ ಬಿಪಿ ಮಷಿನ್, ಶುಗರ್ ನೋಡುವ ಮೀಟರ್, ಗ್ಲೌಸ್ ಇವುಗಳ ಜೊತೆ ಒಂದು ಅಳತೆ ಟೇಪು ಇರುತ್ತದೆ. ಬಡಗಿಗಳ ಹತ್ತಿರ ಇರುತ್ತಲ್ಲ, ಎಳೆದರೆ ಬಂದು, ಬಿಟ್ಟರೆ ಸರ್ರಂತ ಒಳಗೆ ಹೋಗುವ ಹಳದಿ ಟೇಪು, ಅದೇ. ನರ್ಸ್ ಬಂದು ಬಚ್ಚಲುಮನೆ ಬಾಗಿಲಿಗೆ ಟೇಪು ಹಿಡಿಯುವುದನ್ನು ಮೊದಲ ಸಲ ನೋಡಿದವರಿಗೆ ನಗು ಬರುತ್ತದೆ. "ಏನ್ ಸಿಸ್ಟರ್, ಹೊಸ ಬಾಗಿಲು ಮಾಡಿಸಿಕೊಡ್ತೀರಾ?" ಅಂತ ಒಬ್ಬ ಯಜಮಾನರು ಕೇಳಿದ್ದರು. ಬಾಗಿಲು 26 ಇಂಚು ಇತ್ತು. ಅವರ ಹೆಂಡತಿಗೆ ತಂದಿದ್ದ ವೀಲ್‌ಚೇರು 25. ಚಕ್ರ ತಳ್ಳುವ ಕೈ ಬೆರಳುಗಳಿಗೆ ಅರ್ಧರ್ಧ ಇಂಚು ಉಳಿಯಿತು. ಆಮೇಲೆ ನಗಲಿಲ್ಲ.

ನಾನು ಮೈಸೂರಿನಲ್ಲಿ ಮನೆ ಆರೈಕೆಯ ನರ್ಸ್. ಹನ್ನೊಂದು ವರ್ಷದಿಂದ ಇದೇ ಕೆಲಸ. ಆಸ್ಪತ್ರೆಗಳಿಂದ ಫೋನ್ ಬರುತ್ತದೆ. "ಸಿಸ್ಟರ್, 12ನೇ ಬೆಡ್ಡು. ಮನೆಗೆ ಕಳಿಸಬಹುದಾ, ನೋಡಿ ಹೇಳಿ." ಹೆಚ್ಚಾಗಿ ಈ ಫೋನ್ ಬರುವುದು ಶುಕ್ರವಾರ ಮಧ್ಯಾಹ್ನ. ಶನಿವಾರ ಬೆಡ್ ಖಾಲಿ ಆಗಬೇಕಿರುತ್ತದೆ ಅಂತ ಲೆಕ್ಕ. ನೋಡಿ ಹೇಳುವುದು ಸುಲಭ ಅಂತ ಮೊದಮೊದಲು ಅಂದುಕೊಂಡಿದ್ದೆ. ಏನನ್ನು ನೋಡಬೇಕು ಅನ್ನುವುದು ಗೊತ್ತಾಗಲು ಕೆಲವು ವರ್ಷ ಹಿಡಿಯಿತು. ಒಂದು ತಪ್ಪೂ ಬೇಕಾಯಿತು.

ರೋಗಿಯ ಕಡೆಯ ಅರ್ಧ ಲೆಕ್ಕ ಕಷ್ಟವಿಲ್ಲ, ಬೇಗ ಹೇಳಿಬಿಡುತ್ತೇನೆ. ಜ್ವರ ಇಳಿದು ಎರಡು ದಿನವಾದರೂ ಆಗಿರಬೇಕು. ಬಿಪಿ ಡ್ರಿಪ್ಪಿನ ಔಷಧದ ಮೇಲೆ ನಿಂತಿರಬಾರದು. ಆಕ್ಸಿಜನ್ ಬೇಕಿದ್ದರೆ ಅದರ ಲೆಕ್ಕ ದಿನದಿನಕ್ಕೆ ಏರುತ್ತಿರಬಾರದು. ಗೊಂದಲದಲ್ಲಿ ಮಂಚದಿಂದ ಇಳಿದು ಓಡುವವರು, ಪೈಪು ಕಿತ್ತುಕೊಳ್ಳುವವರು ಇದ್ದರೆ ಸ್ವಲ್ಪ ತಡೆಯಬೇಕು. ದಿನವಿಡೀ ಗಳಿಗೆಗೊಮ್ಮೆ ಡಾಕ್ಟರ್ ನೋಡಬೇಕಾದ ಸ್ಥಿತಿ ಇದ್ದರೆ ಮನೆಯ ಮಾತೇ ಇಲ್ಲ. ಇದನ್ನೆಲ್ಲ ವೈದ್ಯರು ನೋಡಿ, ಬರೆದು, ಸಹಿ ಹಾಕಿರುತ್ತಾರೆ.

ನಮ್ಮ ಕಡೆಯಿಂದ ಒಂದು ಫಾರ್ಮ್ ಇದೆ. ಅದರಲ್ಲಿ ಬಾರ್ಥೆಲ್ ಸ್ಕೋರ್ ಅಂತ ಒಂದು ಭಾಗ. 1965ರಲ್ಲಿ ಅಮೆರಿಕದ ಮಹೋನಿ ಮತ್ತು ಬಾರ್ಥೆಲ್ ಎಂಬಿಬ್ಬರು ಪ್ರಕಟಿಸಿದ್ದು, ಇವತ್ತಿಗೂ ಪ್ರಪಂಚದ ತುಂಬ ಓಡುತ್ತಿದೆ. ಹತ್ತು ಪ್ರಶ್ನೆ, ನೂರು ಅಂಕ. ತಾನೇ ಊಟ ಮಾಡ್ತಾರಾ, ಸ್ನಾನ ಮಾಡ್ತಾರಾ, ಬಟ್ಟೆ ಹಾಕಿಕೊಳ್ತಾರಾ, ಮಲಮೂತ್ರದ ಮೇಲೆ ಹಿಡಿತ ಇದೆಯಾ, ಮೆಟ್ಟಿಲು ಹತ್ತುತ್ತಾರಾ. ಮಂಚದಿಂದ ಕುರ್ಚಿಗೆ ಬರುವುದಕ್ಕೆ 15 ಅಂಕ, ನಡೆಯುವುದಕ್ಕೆ 15. ಸ್ನಾನಕ್ಕೆ ಬರೀ 5. ನಮ್ಮ ಬಚ್ಚಲುಮನೆಗಳನ್ನು ನೋಡಿದ್ದರೆ ಅವರು ಸ್ನಾನಕ್ಕೆ ಇನ್ನೂ ಐದು ಜಾಸ್ತಿ ಕೊಡುತ್ತಿದ್ದರೋ ಏನೋ.

ಸ್ಕೋರ್ ಕೆಟ್ಟದ್ದಲ್ಲ. ಆದರೆ ಅದು ಹೇಳುವುದು ರೋಗಿಗೆ ಎಷ್ಟು ಸಹಾಯ ಬೇಕು ಅಂತ ಮಾತ್ರ. ಆ ಸಹಾಯಕ್ಕೆ ಯಾರ ಕೈ ಬರುತ್ತದೆ ಅಂತ ಕೇಳುವ ಸಾಲು ಆ ಹತ್ತರಲ್ಲಿ ಒಂದೂ ಇಲ್ಲ.

ಈ ಜನವರಿಯಲ್ಲಿ ಬಂದ ಒಂದು ಕೇಸಿನಿಂದ ಹೇಳುತ್ತೇನೆ. ನಿವೃತ್ತ ಮೇಷ್ಟ್ರು, 74 ವರ್ಷ. ಸ್ಟ್ರೋಕ್ ಆಗಿ ಬಲಗೈ ಬಲಗಾಲು ಸೋತಿತ್ತು. ಮಾತು ತೊದಲು. ಹದಿನಾರು ದಿನ ಆಸ್ಪತ್ರೆಯಲ್ಲಿದ್ದು ಸ್ವಲ್ಪ ಚೇತರಿಸಿಕೊಂಡಿದ್ದರು. ಮೂಗಿನ ಪೈಪು ತೆಗೆದಿದ್ದರು, ಮೆತ್ತಗಿನ ಊಟ ಬಾಯಲ್ಲೇ ಹೋಗುತ್ತಿತ್ತು. ಯೂರಿನ್ ಪೈಪು ಇತ್ತು. ಬಾರ್ಥೆಲ್ 25. ತೂಕ 71 ಕೆಜಿ. ಈ ಕೊನೆಯ ಸಂಖ್ಯೆಯನ್ನು ನಾನು ಯಾವಾಗಲೂ ದೊಡ್ಡದಾಗಿ ಬರೆದುಕೊಳ್ಳುತ್ತೇನೆ.

ಮನೆ ಸರಸ್ವತಿಪುರದಲ್ಲಿ. ಹಳೇ ಮನೆ, ಅಚ್ಚುಕಟ್ಟು. ಮೇಷ್ಟ್ರ ಹೆಂಡತಿ, ಅಮ್ಮ, ಬಾಗಿಲಲ್ಲೇ ಕಾಯುತ್ತಿದ್ದರು. 69 ವರ್ಷ, ಎರಡೂ ಮಂಡಿ ಬಾಗಿದ್ದವು. ಒಳಗೆ ಬರುವಾಗ ಹೊಸ್ತಿಲು ಎಡವಿದೆ. ಐದು ಇಂಚು ಎತ್ತರದ, ಅರಿಶಿನ ಹಚ್ಚಿದ ತೇಗದ ಹೊಸ್ತಿಲು. ಅಂಥದ್ದು ಆ ಮನೆಯಲ್ಲಿ ನಾಲ್ಕಿದ್ದವು. ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗಬೇಕಾದರೆ ಮೂರು ದಾಟಬೇಕು, ಹಿಂದೆ ಒಂದು ಮೆಟ್ಟಿಲು ಇಳಿಯಬೇಕು. ಪಾಯಿಖಾನೆ ಕುಕ್ಕರುಗಾಲಿನದು. ಸೋತ ಬಲಗಾಲಿಗೆ ಅದು ಈ ಜನ್ಮಕ್ಕಿಲ್ಲ. ಕಮೋಡ್ ಕುರ್ಚಿ ತರಿಸಿ ಮಂಚದ ಪಕ್ಕದಲ್ಲೇ ಇಡಬೇಕು ಅಂದೆ. ಅಮ್ಮನ ಮುಖ ಸಣ್ಣಗಾಯಿತು. ಗೋಡೆಯ ಆಚೆಗೆ ದೇವರ ಕೋಣೆ. "ಇಲ್ಲೇನಾ?" ಅಂದರು. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಮಂಚವನ್ನು ಹಜಾರಕ್ಕೆ ತರೋಣ, ಅಲ್ಲಿ ಕಿಟಕಿ ದೊಡ್ಡದು, ಬೀದಿಯೂ ಕಾಣುತ್ತೆ ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ಅವರಿಗೂ ಪೇಪರ್ ಹುಡುಗ ಬರೋದು ಕಾಣುತ್ತೆ" ಅಂದರು. ಅಲ್ಲಿಗೆ ಅದು ಬಗೆಹರಿಯಿತು.

ಆಮೇಲೆ ನಾನು ಮಾಡುವ ಕೆಲಸ ನೋಡಿ ಎಲ್ಲರಿಗೂ ಗಾಬರಿ. ಚಪ್ಪಲಿ ಹೊರಗೆ ಬಿಟ್ಟಿರುತ್ತೇನೆ, ವಾಚು ಬಿಚ್ಚಿಟ್ಟು ರೋಗಿಯ ಮಂಚದ ಮೇಲೆ ಅಂಗಾತ ಮಲಗಿಬಿಡುತ್ತೇನೆ. "ಈಗ ನನ್ನನ್ನ ಎಡಕ್ಕೆ ತಿರುಗಿಸಿ ನೋಡೋಣ. ನಾನು ಒಂಚೂರೂ ಸಹಾಯ ಮಾಡಲ್ಲ."

ತಾನೇ ಹೊರಳಲಾಗದವರನ್ನು ಎರಡೆರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ, ಬೆಡ್ ಸೋರ್ ಅನ್ನುವುದು ಅದನ್ನೇ. ನಾನು 62 ಕೆಜಿ. ಮೇಷ್ಟ್ರಿಗಿಂತ ಒಂಬತ್ತು ಕಡಿಮೆ. ಅಮ್ಮ ಸೆರಗು ಸಿಕ್ಕಿಸಿಕೊಂಡು ಬಂದರು. ಮೊದಲು ಭುಜ ಹಿಡಿದು ಎಳೆದರು. ಭುಜ ಬಂತು, ಸೊಂಟ ಬರಲಿಲ್ಲ. ಸೊಂಟಕ್ಕೆ ಕೈ ಹಾಕಿದರು, ಭುಜ ವಾಪಸ್ಸು ಹೋಯಿತು. ಅವರಿಗೂ ನಗು, ನನಗೂ ನಗು. ಮೂರನೇ ಸಲಕ್ಕೆ ಮಂಚದ ತುದಿ ಹಿಡಿದು ನಿಂತುಬಿಟ್ಟರು. ಏದುಸಿರು. ಹಣೆಯ ಕುಂಕುಮ ಬೆವರಿಗೆ ಇಳಿದಿತ್ತು.

"ಆಗುತ್ತೆ ಸಿಸ್ಟರ್. ಅಭ್ಯಾಸ ಆದ್ರೆ ಆಗುತ್ತೆ. ನಾವು ನೋಡ್ಕೋತೀವಿ."

ಈ "ನೋಡ್ಕೋತೀವಿ" ಅನ್ನುವ ಮಾತಿನ ಮೇಲೆ ನನಗೆ ಒಂದು ಅನುಮಾನ ಕೂತಿದೆ. ಕನ್ನಡದಲ್ಲಿ ಈ ಬಹುವಚನ ಎಷ್ಟು ಚೆನ್ನಾಗಿದೆ ನೋಡಿ. ಮಗ ಹೇಳಿದರೂ ನೋಡ್ಕೋತೀವಿ, ಮಾವನ ತಮ್ಮ ಹೇಳಿದರೂ ನೋಡ್ಕೋತೀವಿ, ಅಮೆರಿಕದಿಂದ ವಿಡಿಯೋದಲ್ಲಿ ಹೇಳಿದರೂ ನೋಡ್ಕೋತೀವಿ. ಇಡೀ ವಂಶವೇ ತೋಳೇರಿಸಿ ನಿಂತ ಹಾಗೆ ಕೇಳಿಸುತ್ತದೆ. "ನೋಡ್ಕೋತೀನಿ" ಅನ್ನುವವರು ಯಾರು ಅಂತ ಕೇಳಿ, ಕೋಣೆ ಗಪ್‌ಚುಪ್. ಎಲ್ಲರ ಕಣ್ಣೂ ಒಬ್ಬಳ ಕಡೆ ಹೋಗುತ್ತದೆ. ಅವಳು ಅಲ್ಲೇ ಇದ್ದರೆ ಪರವಾಗಿಲ್ಲ. ಸಾಮಾನ್ಯವಾಗಿ ಅಡುಗೆಮನೆಯಲ್ಲಿ ನಮಗೆ ಕಾಫಿ ಮಾಡುತ್ತಿರುತ್ತಾಳೆ.

ಇದನ್ನು ನಾನು ಕಲಿತದ್ದು ಅಗ್ಗದಲ್ಲಲ್ಲ.

ಆರು ವರ್ಷದ ಹಿಂದಿನ ಮಾತು. ನಂಜನಗೂಡು ಕಡೆಯ ಒಂದು ಮನೆ. ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿದ್ದ ಯಜಮಾನರು. ಮೂಗಿನ ಪೈಪು, ಯೂರಿನ್ ಪೈಪು, ಕತ್ತಿನಲ್ಲಿ ಉಸಿರಾಟದ ಪೈಪು, ಮೂರೂ ಇದ್ದವು. ಎರಡು ತಿಂಗಳ ಆಸ್ಪತ್ರೆಯ ಬಿಲ್ಲಿಗೆ ಮನೆಯವರು ಬಸವಳಿದು ಹೋಗಿದ್ದರು. ವಾರ್ಡಿನಲ್ಲಿ ನಿಂತು ಮಗನನ್ನು ಎಲ್ಲಾ ಕೇಳಿದೆ. ಕರೆಂಟ್ ಇದೆಯಾ, ನೀರಿದೆಯಾ, ಆಸ್ಪತ್ರೆ ಎಷ್ಟು ದೂರ. ಮಗ ಬುದ್ಧಿವಂತ, ಟಕಟಕ ಉತ್ತರ ಕೊಟ್ಟ. ಕತ್ತಿನ ಪೈಪಿನಿಂದ ಕಫ ಎಳೆಯುವ ಸಕ್ಷನ್ ಮಷಿನ್ ಬಾಡಿಗೆಗೆ ತಂದಿದ್ದ, ಏರ್ ಬೆಡ್ ಹಾಕಿಸಿದ್ದ. "ನೋಡ್ಕೋತೀವಿ ಸಿಸ್ಟರ್." ಅವನ ಹಿಂದೆ ಫ್ಲಾಸ್ಕ್ ಹಿಡಿದು ಒಬ್ಬಳು ಹುಡುಗಿ ನಿಂತಿದ್ದಳು. ಸೊಸೆ. ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದವಳು. ಅವಳಿಗೆ ಸಕ್ಷನ್ ಕಲಿಸಿದೆ. ಚುರುಕು, ಎರಡೇ ದಿನಕ್ಕೆ ಕೈ ಕೂಡಿತು. ಪೈಪು ಒಳಗಿದ್ದಷ್ಟು ಹೊತ್ತು ರೋಗಿಗೆ ಉಸಿರಿಲ್ಲ, ಹತ್ತು ಎಣಿಸುವುದರೊಳಗೆ ಹೊರಗೆ ತೆಗೆಯಬೇಕು ಅಂದಿದ್ದೆ. ಅವಳು ತನ್ನ ಉಸಿರನ್ನೂ ಹಿಡಿದುಕೊಂಡು ಮಾಡುತ್ತಿದ್ದಳು. ಇಷ್ಟು ಕಲಿತವಳು ಇದ್ದಾಳೆ, ಇನ್ನೇನು ಅಂದುಕೊಂಡು "ಕಳಿಸಬಹುದು" ಅಂತ ಬರೆದೆ.

ಮೂರು ವಾರ ನನ್ನ ವರದಿಗಳು ಎಷ್ಟು ಚೆನ್ನಾಗಿದ್ದವು ಗೊತ್ತಾ? ಬೆಡ್ ಸೋರ್ ಇಲ್ಲ. ಜ್ವರ ಇಲ್ಲ. ಪೈಪುಗಳು ಕ್ಲೀನ್. ರೋಗಿ ಸ್ಥಿರ. ಪ್ರತಿ ಭೇಟಿಯಲ್ಲೂ ಆ ಹುಡುಗಿಯ ಕುಪ್ಪಸ ಒಂದಿಷ್ಟು ಸಡಿಲವಾಗುತ್ತಿದ್ದದ್ದನ್ನು ನಾನು ಕಂಡೆ, ಬರೆಯಲಿಲ್ಲ. ಬರೆಯಲು ಫಾರ್ಮಿನಲ್ಲಿ ಜಾಗ ಇರಲಿಲ್ಲ. ಕೆಲಸ ಬಿಟ್ಟಿದ್ದಳು. ರಾತ್ರಿ ಹತ್ತಕ್ಕೆ ಕೊನೆಯ ಫೀಡ್, ಹನ್ನೊಂದಕ್ಕೆ ಮಾತ್ರೆ ಪುಡಿ ಮಾಡಿ ಕೊಡುವುದು, ಹನ್ನೆರಡಕ್ಕೆ ಮಗ್ಗುಲು ಬದಲಿಸುವುದು, ಎರಡಕ್ಕೆ, ನಾಲ್ಕಕ್ಕೆ. ಮಧ್ಯೆ ಕಫ ಗೊರಗೊರ ಅಂದಾಗೆಲ್ಲ ಸಕ್ಷನ್. ಐದೂವರೆಗೆ ಮತ್ತೆ ಫೀಡ್. ಗಂಡನಿಗೆ ಬೆಳಿಗ್ಗೆ ಆರಕ್ಕೆ ಶಿಫ್ಟ್, ಅವನನ್ನು ಎಬ್ಬಿಸುವ ಹಾಗಿಲ್ಲ.

ಇಪ್ಪತ್ನಾಲ್ಕನೇ ದಿನ ಬೆಳಗಿನ ಫೀಡ್ ಕೊಡುತ್ತಾ ಕೂತಲ್ಲೇ ತೂಕಡಿಸಿದಳು. ಪೈಪಿನಲ್ಲಿ ಊಟ ಹೋಗುವಾಗ, ಹೋದ ಮೇಲೂ ಅರ್ಧ ಮುಕ್ಕಾಲು ಗಂಟೆ, ತಲೆಯ ಕಡೆ ಮೂವತ್ತು ಡಿಗ್ರಿಯಾದರೂ ಎತ್ತರ ಇರಬೇಕು. ದಿಂಬು ಜಾರಿತ್ತು. ಗಂಜಿ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯಿತು. ನ್ಯುಮೋನಿಯಾ. ಮತ್ತೆ ಐಸಿಯು. ಒಂಬತ್ತು ದಿನಕ್ಕೆ ಮಾವ ಚೇತರಿಸಿಕೊಂಡರು. ಮನೆಯವರೆಲ್ಲ ಅವಳ ಕಡೆ ಬೆರಳು ತೋರಿಸಿದರು. ಅವಳು ಯಾರಿಗೂ ಎದುರಾಡಲಿಲ್ಲ. ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ ಸಣ್ಣ ದನಿಯಲ್ಲಿ ಕೇಳಿದಳು: "ಸಿಸ್ಟರ್, ಇನ್ನೊಂದು ನಾಲ್ಕು ದಿನ ಇಲ್ಲೇ ಇಟ್ಕೊಳ್ಳೋಕಾಗುತ್ತಾ? ನಾನು ಒಂದು ರಾತ್ರಿ ಪೂರ್ತಿ ಮಲಗ್ಬೇಕು."

ಆ ರಾತ್ರಿ ಮನೆಗೆ ಬಂದು ಫಾರ್ಮಿನ ಕೊನೆಯಲ್ಲಿ ಪೆನ್ನಿನಿಂದ ಒಂದು ಸಾಲು ಸೇರಿಸಿದೆ. "ರಾತ್ರಿ ಎರಡು ಗಂಟೆಗೆ ಯಾರು ಏಳ್ತಾರೆ? ಹೆಸರು." ಈಗ ಅದು ಪ್ರಿಂಟ್ ಆಗಿಯೇ ಬರುತ್ತದೆ. ಹೆಸರು ಅನ್ನುವ ಪದ ಮುಖ್ಯ. "ಮನೆಯವರು" ಅಂತ ಬರೆದರೆ ಅದು ಖಾಲಿ ಬಿಟ್ಟ ಹಾಗೆ. ಆ ಹೆಸರಿನವರನ್ನು ಬೇರೆ ಯಾರೂ ಇಲ್ಲದ ಕಡೆ ಕರೆದು ಒಂದು ಸಲ ಕೇಳುತ್ತೇನೆ. ಅಡುಗೆಮನೆಯಲ್ಲಿ, ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಗಂಡನ ಮುಂದೆ, ಅತ್ತೆಯ ಮುಂದೆ ಬರುವ ಉತ್ತರ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಇರುತ್ತದೆ.

ದುಡ್ಡು ಕೊಟ್ಟರೆ ಜನ ಸಿಗುತ್ತಾರಲ್ಲ ಅಂತ ಕೇಳುವವರಿದ್ದಾರೆ. ಸಿಗುತ್ತಾರೆ. ಆದರೆ ಏಜೆನ್ಸಿಗೆ ಫೋನ್ ಮಾಡಿ "ನರ್ಸ್ ಕಳಿಸಿ" ಅಂದರೆ ಬರುವವರಲ್ಲಿ ಹೆಚ್ಚಿನವರು ಅಟೆಂಡರ್‌ಗಳು. ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ ಅಥವಾ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಓದಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆದವರು ನರ್ಸ್. ಅಟೆಂಡರ್ ಮೈ ಒರೆಸುತ್ತಾರೆ, ಡೈಪರ್ ಬದಲಿಸುತ್ತಾರೆ, ಮಗ್ಗುಲು ಬದಲಿಸುತ್ತಾರೆ, ನಡೆಸುತ್ತಾರೆ. ಬಹಳ ಮನೆಗಳಿಗೆ ಬೇಕಾದದ್ದು ಅಷ್ಟೇ. ಇಂಜೆಕ್ಷನ್ನು, ಕತ್ತಿನ ಪೈಪಿನ ಸಕ್ಷನ್ನು ಅವರ ಕೆಲಸವಲ್ಲ. ಮನೆಯವರಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ, ಹೇಳುವವರೂ ಹೇಳುವುದಿಲ್ಲ. ಇನ್ನೊಂದು ಮಾತು, 24 ಗಂಟೆಯ ಅಟೆಂಡರ್ ಅಂದರೆ 24 ಗಂಟೆ ಎಚ್ಚರ ಇರುವ ಮನುಷ್ಯ ಅಲ್ಲ. ಅವರೂ ಎಂಟು ಗಂಟೆ ಮಲಗಬೇಕು. ಹಾಗಾದರೆ ಎರಡು ಗಂಟೆಗೆ?

ಇನ್ಶೂರೆನ್ಸ್ ಇದೆ ಅನ್ನುತ್ತಾರೆ. ಪಾಲಿಸಿಯಲ್ಲಿ ಡೊಮಿಸಿಲಿಯರಿ ಅಂತ ಒಂದು ಪದ ಇರುತ್ತದೆ, ಅದನ್ನು ಕಂಡು ಖುಷಿಪಡುತ್ತಾರೆ. ಆಸ್ಪತ್ರೆಯಲ್ಲೇ ಕೊಡಬೇಕಾದ ಚಿಕಿತ್ಸೆಯನ್ನು, ರೋಗಿಯನ್ನು ಸಾಗಿಸಲು ಆಗದ್ದಕ್ಕೋ ಆಸ್ಪತ್ರೆಯಲ್ಲಿ ಬೆಡ್ ಸಿಗದ್ದಕ್ಕೋ ಮನೆಯಲ್ಲಿ ಪಡೆದರೆ, ಅದಕ್ಕೆ ಆ ಪದ. ಅಪ್ಪನನ್ನು ಹೊರಳಿಸಲು ಇಟ್ಟುಕೊಂಡವರ ಸಂಬಳ ಅದರಲ್ಲಿ ಬರುತ್ತದೆ ಅಂತ ನಂಬಿ ಕೂರಬೇಡಿ. ಮೊದಲು ಬರಹದಲ್ಲಿ ಕೇಳಿಕೊಳ್ಳಿ.

ಮೇಷ್ಟ್ರ ಮಗ ನ್ಯೂಜೆರ್ಸಿಯಲ್ಲಿ. ನಾನು ಮಂಚದ ಮೇಲೆ ಮಲಗಿದ್ದಾಗಲೇ ವಿಡಿಯೋ ಕಾಲ್ ಬಂತು. ಅಮ್ಮ ಫೋನ್ ನನ್ನ ಕೈಗೆ ಕೊಟ್ಟರು. ಅಲ್ಲಿ ಬೆಳಗಿನ ಜಾವ, ಪಾಪ, ನಿದ್ದೆಗೆಟ್ಟು ಕೂತಿದ್ದರು. "ಇಲ್ಲಿ ಎಲ್ಲರೂ ಮನೇಲೇ ರಿಕವರ್ ಆಗ್ತಾರೆ ಸಿಸ್ಟರ್. ಹೋಂ ಹೆಲ್ತ್ ಅಂತ ಇರುತ್ತೆ. ನರ್ಸ್ ಬರ್ತಾರೆ, ಥೆರಪಿಸ್ಟ್ ಬರ್ತಾರೆ." ಸರಿಯೇ. ಅಲ್ಲಿ ವಯಸ್ಸಾದವರ ಸರ್ಕಾರಿ ವಿಮೆಯಾದ ಮೆಡಿಕೇರ್‌ನಲ್ಲಿ ಅದಕ್ಕೆ ಷರತ್ತುಗಳಿವೆ. ಮನೆಯಿಂದ ಹೊರಗೆ ಹೋಗುವುದೇ ಕಷ್ಟ ಅನ್ನುವಂಥ ರೋಗಿ ಆಗಿರಬೇಕು. ವೈದ್ಯರು ಮುಖಾಮುಖಿ ನೋಡಿ ಬರೆದುಕೊಡಬೇಕು. ಆಗ ನರ್ಸ್ ಆಗಾಗ ಬಂದು ಹೋಗುತ್ತಾರೆ. ಇಡೀ ದಿನ ಜೊತೆಗಿರುವ ಆಳಿಗೆ ಅಲ್ಲೂ ಮೆಡಿಕೇರ್ ದುಡ್ಡು ಕೊಡುವುದಿಲ್ಲ. ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅಮ್ಮನೇ ಮಾಡ್ಬೇಕಾ?" ಅಂದರು. ಆ ಮನೆಯಲ್ಲಿ ಅಮ್ಮನನ್ನು ಲೆಕ್ಕಕ್ಕೆ ತೆಗೆದುಕೊಂಡ ಮೊದಲ ಪ್ರಶ್ನೆ ಅದು. ದೂರದಲ್ಲಿರುವ ಮಕ್ಕಳನ್ನು ಬೈಯುವುದು ಸುಲಭ. ನನಗೆ ಅನೇಕ ಸಲ ಹತ್ತಿರದಲ್ಲಿರುವವರಿಗಿಂತ ಅವರೇ ಸರಿಯಾದ ಪ್ರಶ್ನೆ ಕೇಳಿದ್ದಾರೆ.

ಅಮ್ಮನ ಚಿಂತೆ ಬೇರೆ. "ಬೆಳಿಗ್ಗೆ ಒಂದು ಲೋಟ ಕಾಫಿ ಕೊಡಬಹುದಾ? ನಲವತ್ತೈದು ವರ್ಷದಿಂದ ಆರು ಗಂಟೆಗೆ ಕಾಫಿ." ಸ್ಟ್ರೋಕ್ ಆದವರಿಗೆ ಅನ್ನಕ್ಕಿಂತ ಅಪಾಯ ನೀರು ನೀರಾದದ್ದು. ಉಸಿರಿನ ದಾರಿ ಮುಚ್ಚುವುದರೊಳಗೆ ಜಾರಿ ಶ್ವಾಸನಾಳಕ್ಕೆ ಹೋಗುತ್ತದೆ. ಕೆಮ್ಮು ಬಂದರೆ ಗೊತ್ತಾಗುತ್ತೆ, ಕೆಲವರಿಗೆ ಕೆಮ್ಮೂ ಬರುವುದಿಲ್ಲ. ಕುಡಿದ ಮೇಲೆ ದನಿ ಒದ್ದೆ ಒದ್ದೆಯಾಗಿ ಕೇಳಿಸುತ್ತದೆ, ಅದೇ ಸುಳಿವು. ನುಂಗುವುದನ್ನು ಪರೀಕ್ಷೆ ಮಾಡಿದ ಥೆರಪಿಸ್ಟ್ ಗಟ್ಟಿ ಮಾಡಿದ ದ್ರವ ಮಾತ್ರ ಅಂತ ಬರೆದಿದ್ದರು. ಕಾಫಿಗೆ ಗಟ್ಟಿ ಮಾಡುವ ಪುಡಿ ಬೆರೆಸಿ, ನೆಟ್ಟಗೆ ಕೂರಿಸಿ, ಚಮಚದಲ್ಲಿ ಕೊಡಬಹುದು ಅಂದೆ. "ಗಂಜಿ ಥರ ಕಾಫೀನಾ!" ಅಂತ ಮುಖ ಹಿಂಡಿದರು. ನಾನಾದರೂ ಕುಡಿಯುತ್ತಿರಲಿಲ್ಲ ಬಿಡಿ.

ಆಕ್ಸಿಜನ್ ಮನೆಗಳ ಲೆಕ್ಕವೇ ಬೇರೆ. ಅಲ್ಲಿ ಮನುಷ್ಯರ ಜೊತೆ ಕರೆಂಟನ್ನೂ ಸಂದರ್ಶನ ಮಾಡಬೇಕು. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಐದು ಲೀಟರಿನ ಕಾನ್ಸಂಟ್ರೇಟರ್ ಮಷಿನ್ ಸುಮಾರು 350 ವಾಟ್ ಎಳೆಯುತ್ತದೆ. ಮನೆಯ ಸಾಮಾನ್ಯ ಇನ್ವರ್ಟರ್ ಅದನ್ನು ರಾತ್ರಿಯಿಡೀ ಹೊರುವುದಿಲ್ಲ. "ಕರೆಂಟ್ ಹೋಗುತ್ತಾ?" ಅಂತ ಕೇಳಿದರೆ "ಒಂದು ಗಂಟೆ ಹೋಗುತ್ತೆ" ಅನ್ನುತ್ತಾರೆ. ಅದು ಬೇಸಿಗೆಯ ಉತ್ತರ. ಮುಂಗಾರಿನಲ್ಲಿ ತೆಂಗಿನ ಗರಿ ಬಿದ್ದು ತಂತಿ ಹರಿದ ದಿನ ಎಷ್ಟು ಹೊತ್ತು ಹೋಗಿತ್ತು ಅಂತ ಕೇಳಬೇಕು. ಅದಕ್ಕೇ ಪಕ್ಕದಲ್ಲಿ ಒಂದು ಬಿ ಟೈಪ್ ಸಿಲಿಂಡರ್ ಬೇಕೇ ಬೇಕು. ಅದರಲ್ಲಿ 1500 ಲೀಟರ್‌ನಷ್ಟು ಇರುತ್ತದೆ. ನಿಮಿಷಕ್ಕೆ ಎರಡು ಲೀಟರ್ ಓಡಿದರೆ ಹನ್ನೆರಡು ಗಂಟೆಗೆ ಹತ್ತಿರ. ಅದೇ ಕೋಣೆಯಲ್ಲಿ ದೇವರ ಗೂಡಿದ್ದರೆ ದೀಪ, ಊದುಬತ್ತಿ, ಕರ್ಪೂರ ಎಲ್ಲಾ ಆಚೆಗೆ. ಈ ಮಾತು ಆಡುವಾಗ ನನಗೆ ಸ್ವಲ್ಪ ಕಷ್ಟವಾಗುತ್ತದೆ. ಉಸಿರು ಕಟ್ಟಿದ ಮನೆಯಲ್ಲಿ ದೀಪ ಹಚ್ಚಬೇಡಿ ಅನ್ನುವುದು ಹೇಗೆ ಕೇಳಿಸುತ್ತೆ ಯೋಚಿಸಿ.

ಕೊರೋನಾ ಬಂದು ಹೋದ ಮೇಲೆ ಪ್ರತಿ ಮನೆಯಲ್ಲೂ ಬೆರಳಿಗೆ ಹಾಕುವ ಆಕ್ಸಿಮೀಟರ್ ಇದೆ. 94ರ ಕೆಳಗೆ ಹೋದರೆ ಆಸ್ಪತ್ರೆಗೆ ಓಡಬೇಕು ಅನ್ನುವುದು ಎಲ್ಲರಿಗೂ ಬಾಯಿಪಾಠ. ಅದೇ ಈಗ ತೊಂದರೆ ಮಾಡುತ್ತಿದೆ. ಬೀಡಿ ಸೇದಿ, ಒಲೆ ಹೊಗೆ ಕುಡಿದು ಶ್ವಾಸಕೋಶ ಹಾಳಾದ ಸಿಒಪಿಡಿ ರೋಗಿಗಳಲ್ಲಿ ಅನೇಕರಿಗೆ ವೈದ್ಯರು 88ರಿಂದ 92ರ ಗುರಿ ಕೊಟ್ಟಿರುತ್ತಾರೆ. ಮಕ್ಕಳು ಹೆದರಿ ಗುಂಡಿ ತಿರುಗಿಸಿ 99 ಮಾಡುತ್ತಾರೆ. ಆಕ್ಸಿಜನ್ ಅತಿಯಾದರೆ ಇಂಥವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಅಪ್ಪ ಚೆನ್ನಾಗಿ ನಿದ್ದೆ ಮಾಡ್ತಿದ್ದಾರೆ ಅಂದುಕೊಂಡಿರುತ್ತಾರೆ, ಅದು ಮಂಪರು. ಅಂಥ ಮನೆಯಲ್ಲಿ ನಾನು ಮಷಿನ್ನಿನ ಗುಂಡಿಯ ಪಕ್ಕ ಟೇಪು ಅಂಟಿಸಿ ಗೆರೆ ಎಳೆದು ಬರುತ್ತೇನೆ. ಫೋನ್ ಮಾಡದೆ ಗೆರೆ ದಾಟುವುದಿಲ್ಲ ಅಂತ ಮಾತು ಕೊಟ್ಟರೆ ಮಾತ್ರ ಒಪ್ಪಿಗೆ.

ಇಷ್ಟೆಲ್ಲ ಓದಿದರೆ ನಾನು ಬೇಡ ಬೇಡ ಅನ್ನುವವಳೇ ಅನ್ನಿಸಬಹುದು. ಹಾಗಿಲ್ಲ. ಫಾರ್ಮಿನ ಲೆಕ್ಕದಲ್ಲಿ ಸಂಪೂರ್ಣ ಫೇಲಾದ ಒಂದು ಮನೆಗೆ ನಾನೇ ಹಟ ಹಿಡಿದು ಕಳಿಸಿದ್ದೇನೆ.

ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಯ ಅಜ್ಜಿ. ಕ್ಯಾನ್ಸರ್ ಪಿತ್ತಜನಕಾಂಗದ ತನಕ ಹರಡಿತ್ತು. ಗುಣ ಮಾಡುವ ಚಿಕಿತ್ಸೆ ಮುಗಿದಿತ್ತು, ನೋವಿನ ಚಿಕಿತ್ಸೆ ಮಾತ್ರ ಉಳಿದಿತ್ತು. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಇಂಥವರನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ, ಸೇರಿಸೋಣವಾ ಅಂತ ವೈದ್ಯರು ಕೇಳಿದರು. ಅಜ್ಜಿ "ಊರು" ಅಂದರು. ಅಷ್ಟೇ ಅವರ ಮಾತು, ಯಾರು ಏನು ಕೇಳಿದರೂ ಊರು.

ಹೋಗಿ ನೋಡಿದೆ. ನಾಡಹೆಂಚಿನ ಮನೆ. ಕತ್ತಲ ಕೋಣೆ, ಮಣ್ಣಿನ ನೆಲ. ಬಚ್ಚಲು ಅಂಗಳದ ಆಚೆ. ಮಂಚವೇ ಇಲ್ಲ. ನಮ್ಮ ಫಾರ್ಮಿನಲ್ಲಿ ಎಡಗಡೆಯ ಎಲ್ಲಾ ಖಾನೆಗೂ "ಇಲ್ಲ". ಆಮೇಲೆ ನನ್ನ ಪ್ರಶ್ನೆ ಕೇಳಿದೆ, ರಾತ್ರಿ ಎರಡು ಗಂಟೆಗೆ ಯಾರು ಏಳ್ತೀರಿ? ದೊಡ್ಡ ಮಗ ನನ್ನನ್ನೇ ವಿಚಿತ್ರವಾಗಿ ನೋಡಿದ. "ಮಲಗೋರು ಯಾರು ಸಿಸ್ಟರಮ್ಮ? ಬ್ಯಾರನ್ ಹಚ್ಚಿದ್ದೀವಲ್ಲ."

ಆಗಸ್ಟ್ ತಿಂಗಳು. ಆ ಕಡೆ ಹೊಗೆಸೊಪ್ಪು ಬೇಯಿಸುವ ಕಾಲ. ಬ್ಯಾರನ್ ಅನ್ನುವ ಒಣಗಿಸುವ ಮನೆಯಲ್ಲಿ ಸೊಪ್ಪು ಕಟ್ಟಿ ಬೆಂಕಿ ಹಾಕಿದರೆ ಐದಾರು ದಿನ ಹಗಲೂ ರಾತ್ರಿ ಆರುವ ಹಾಗಿಲ್ಲ. ಬಿಸಿ ಹೆಚ್ಚು ಕಡಿಮೆ ಆದರೆ ಎಲೆಯ ಬಣ್ಣ ಕೆಡುತ್ತದೆ, ಹರಾಜಿನಲ್ಲಿ ರೇಟು ಬೀಳುತ್ತದೆ. ಸರದಿಯ ಮೇಲೆ ಎದ್ದು ಸೌದೆ ಒಡ್ಡುತ್ತಾರೆ. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಒಬ್ಬ ಮಗಳು ತವರಿಗೆ ಬಂದಿದ್ದಳು, ಮೊಮ್ಮಕ್ಕಳು. ಮನೆಯಲ್ಲಿ ಹನ್ನೊಂದು ಜನ. ಸೌದೆ ಹಾಕಿ ಬಂದವರು ಅವ್ವನ ಮಗ್ಗುಲು ಬದಲಿಸಿ ಮಲಗುತ್ತಿದ್ದರು. ಅಷ್ಟು ಸಲೀಸು.

ನೋವಿಗೆ ಬಾಯಿಂದ ಕೊಡುವ ಮಾರ್ಫಿನ್ ಮಾತ್ರೆ. ನಾಲ್ಕು ಗಂಟೆಗೊಮ್ಮೆ ಕೊಡಬೇಕು, ಜೊತೆಗೆ ಮಲಬದ್ಧತೆಗೆ ಔಷಧ ತಪ್ಪಿಸಬಾರದು. ಮಲಗುವ ಹೊತ್ತಿನ ಡೋಸನ್ನು ವೈದ್ಯರು ಎರಡರಷ್ಟು ಬರೆಯುವ ಪದ್ಧತಿ ಇದೆ. ಯಾಕೆ ಗೊತ್ತಾ? ರಾತ್ರಿ ಎರಡರ ಮಾತ್ರೆಗಾಗಿ ಯಾರೂ ಏಳಬೇಕಾಗಬಾರದು ಅಂತ. ಇದನ್ನು ಮೊದಲು ಓದಿದಾಗ ನನಗೆ ಅದನ್ನು ಯೋಚಿಸಿದವರ ಕೈ ಮುಟ್ಟಬೇಕು ಅನ್ನಿಸಿತ್ತು. ನಮ್ಮ ವೈದ್ಯಕೀಯದಲ್ಲಿ ಪಕ್ಕದಲ್ಲಿ ಕೂತವರ ನಿದ್ದೆಯನ್ನೂ ಎಣಿಸಿ ಬರೆದ ಪ್ರಿಸ್ಕ್ರಿಪ್ಷನ್ ನಾನು ಕಂಡದ್ದು ಅದೊಂದೇ.

ಅಜ್ಜಿ ಹತ್ತೊಂಬತ್ತು ದಿನ ಇದ್ದರು. ಮಂಚ ತರಿಸುವುದು ಬೇಡ ಅಂದರು, ನಡುಮನೆಯಲ್ಲಿ ಚಾಪೆಯ ಮೇಲೆ ಏರ್ ಬೆಡ್ ಹಾಸಿದೆವು. ನಾಯಿ ಒಂದು ಮೂಲೆಯಲ್ಲಿ ಮಲಗುತ್ತಿತ್ತು, ಓಡಿಸಿ ಅಂದೆ, ಯಾರೂ ಓಡಿಸಲಿಲ್ಲ. ಬೆನ್ನಿನ ಮೇಲೆ ಒಂದು ಕೆಂಪು ಕಲೆ ಕೂಡ ಇರಲಿಲ್ಲ.

ಈಗ ಸರಸ್ವತಿಪುರಕ್ಕೆ ವಾಪಸ್ಸು ಬರುತ್ತೇನೆ. ಆ ಶುಕ್ರವಾರ ನಾನು ವಾರ್ಡಿಗೆ ಫೋನ್ ಮಾಡಿ "ಈಗ ಬೇಡ, ಹತ್ತು ದಿನ" ಅಂದೆ. ಯಾರಿಗೂ ಇಷ್ಟವಾಗಲಿಲ್ಲ. ಬಿಲ್ಲು ಏರುತ್ತದೆ ಅನ್ನುವ ಸಂಕಟ ಮನೆಯವರಿಗೆ, ಬೆಡ್ಡಿನ ಚಿಂತೆ ಆಸ್ಪತ್ರೆಗೆ. ಕೊನೆಗೆ ಕಡಿಮೆ ಖರ್ಚಿನ ಒಂದು ಪುನಶ್ಚೇತನ ಕೇಂದ್ರದಲ್ಲಿ ಹತ್ತು ದಿನ ಇಟ್ಟರು. ಸ್ಟ್ರೋಕ್ ಆದ ಮೊದಲ ಮೂರು ತಿಂಗಳಲ್ಲೇ ಚೇತರಿಕೆ ಜಾಸ್ತಿ. ಆ ಹತ್ತು ದಿನದಲ್ಲಿ ಫಿಸಿಯೋ ಮೇಷ್ಟ್ರಿಗೆ ಎಡಗಾಲು ಮಡಚಿ ಒತ್ತಿ ತಾನೇ ಸೊಂಟ ಎತ್ತುವುದನ್ನು ಕಲಿಸಿದರು. ಹಾಗೆ ಅವರು ಅರ್ಧ ತಿರುಗಿದರೆ ಉಳಿದದ್ದು ಕಷ್ಟವಲ್ಲ. ಅಮ್ಮನಿಗೆ ಬೆಡ್‌ಶೀಟ್ ಮಡಚಿ ಸೊಂಟದ ಕೆಳಗೆ ಹಾಕಿ ಅದನ್ನು ಹಿಡಿದು ಎಳೆಯುವ ಉಪಾಯ ಹೇಳಿಕೊಟ್ಟೆವು. ನ್ಯೂಜೆರ್ಸಿ ಮಗ ಹಗಲಿಗೆ ಒಬ್ಬ ಅಟೆಂಡರ್ ಗೊತ್ತು ಮಾಡಿದರು. ಹಾಸನದಲ್ಲಿರುವ ಮಗಳು ವಾರಕ್ಕೆ ಎರಡು ದಿನ ಬರುತ್ತೇನೆ ಅಂದರು. ಹೊಸ್ತಿಲುಗಳಿಗೆ ಮರದ ಇಳಿಜಾರು ಬಂತು. ಹಜಾರಕ್ಕೆ ಮಂಚ ಬಂತು.

ಹತ್ತನೇ ದಿನ ಮತ್ತೆ ಹೋದೆ. ಮತ್ತೆ ಮಂಚದ ಮೇಲೆ ಮಲಗಿದೆ. ಅಮ್ಮ ಬೆಡ್‌ಶೀಟ್ ಹಿಡಿದರು, ನಾನು ಎಡಗಾಲು ಮಡಚಿ ಮೇಷ್ಟ್ರು ಎಷ್ಟು ಒತ್ತುತ್ತಾರೋ ಅಷ್ಟೇ ಒತ್ತಿದೆ. ಒಂದೇ ಸಲಕ್ಕೆ ತಿರುಗಿದೆ. ಅಮ್ಮ ಗೆದ್ದವರ ಹಾಗೆ ಸೆರಗು ಕೊಡವಿದರು.

"ರಾತ್ರಿ ಹತ್ತಕ್ಕೆ ನಾನು. ಬೆಳಿಗ್ಗೆ ಐದಕ್ಕೂ ನಾನೇ, ಹೇಗೂ ಏಳ್ತೀನಿ," ಅಂದರು. ಚರ್ಮ ಚೆನ್ನಾಗಿದೆ, ಏರ್ ಬೆಡ್ ಇದೆ, ಹಾಗಾಗಿ ರಾತ್ರಿ ಎರಡೆರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು ಅನ್ನುವುದನ್ನು ವೈದ್ಯರು ಸ್ವಲ್ಪ ಎಳೆಯಲು ಒಪ್ಪಿದ್ದರು. ಮಧ್ಯೆ ಒಂದು ಸಲ ಆದರೆ ಸಾಕು. ಆ ಒಂದು ಸಲಕ್ಕೆ ಹೆಸರಿಲ್ಲ. ಫಾರ್ಮ್ ತೊಡೆಯ ಮೇಲಿಟ್ಟುಕೊಂಡು ಕೂತೆ.

ಪಕ್ಕದ ಕೋಣೆಯ ಬಾಗಿಲು ತೆರೆಯಿತು. ಮೊದಲ ಸಲ ಬಂದಾಗಲೂ ಆ ಬಾಗಿಲು ಮುಚ್ಚಿತ್ತು, ಒಳಗೆ ಫ್ಯಾನಿನ ಸದ್ದು ಇತ್ತು. "ಮೊಮ್ಮಗ, ಓದ್ತಿದ್ದಾನೆ, ಅವನನ್ನ ಎಬ್ಬಿಸೋದು ಬೇಡ" ಅಂತ ಅಮ್ಮ ಅಂದಿದ್ದರು. ನಾನೂ ಅವನನ್ನು ಲೆಕ್ಕದಿಂದ ಬಿಟ್ಟಿದ್ದೆ. ಹಾಸನದ ಮಗಳ ಮಗ, ಅಜ್ಜಿ ಮನೆಯಲ್ಲಿದ್ದು ಎರಡನೇ ಪಿಯುಸಿ ಓದುತ್ತಿದ್ದಾನೆ. ಕೆದರಿದ ತಲೆ, ಕಿವಿಯಲ್ಲಿ ಇಯರ್‌ಫೋನ್, ಕೈಯಲ್ಲಿ ಖಾಲಿ ನೂಡಲ್ಸ್ ಬಟ್ಟಲು.

"ಎರಡು ಗಂಟೆಗಾ? ಆಂಟಿ, ನಾನು ಆಗ ಎದ್ದೇ ಇರ್ತೀನಿ. ನೀಟ್‌ಗೆ ಓದ್ತಾ ಇರ್ತೀನಲ್ಲ."

ಅಜ್ಜಿ ಬೇಡ ಬೇಡ ಅಂದರು. ಅವನು ಬಟ್ಟಲು ಕೆಳಗಿಟ್ಟು ಬಂದು "ಹೇಗೆ, ತೋರ್ಸಿ" ಅಂದ. ಮೂರನೇ ಸಲ ಮಂಚದ ಮೇಲೆ ಮಲಗಿದೆ. ಹುಡುಗ ಬೆಡ್‌ಶೀಟ್ ಹಿಡಿದು ಹೂವು ಎತ್ತಿದ ಹಾಗೆ ತಿರುಗಿಸಿದ. ಬೆನ್ನಿಗೆ ದಿಂಬು ಕೊಟ್ಟ. ಮಂಡಿಗಳ ನಡುವೆ ಇನ್ನೊಂದು ದಿಂಬು ಬೇಕು ಅಂದೆ, ತನ್ನ ಕೋಣೆಯಿಂದ ತಂದ. ಒಟ್ಟು ಎರಡು ನಿಮಿಷ. ಯೂರಿನ್ ಬ್ಯಾಗ್ ಮಂಚಕ್ಕಿಂತ ಕೆಳಗೇ ಇರಬೇಕು, ಎತ್ತಿ ಹಾಸಿಗೆ ಮೇಲೆ ಇಡಬಾರದು ಅಂದೆ. "ಬ್ಯಾಕ್‌ಫ್ಲೋ," ಅಂದ. ಹೌದಪ್ಪ, ಅದೇ.

ಖಾನೆಯಲ್ಲಿ ಅವನ ಹೆಸರು ಬರೆದೆ. ಪರೀಕ್ಷೆ ಯಾವಾಗ ಅಂತ ಕೇಳಿದೆ. ಮೇ ಮೊದಲ ವಾರ ಅಂದ. ಹೆಸರಿನ ಪಕ್ಕದಲ್ಲಿ ಅದನ್ನೂ ಬರೆದುಕೊಂಡು, ಏಪ್ರಿಲ್ ಕೊನೆಯ ಸೋಮವಾರಕ್ಕೆ ಆ ಮನೆಯ ಹೆಸರನ್ನು ನನ್ನ ಡೈರಿಯಲ್ಲಿ ಹಾಕಿಕೊಂಡೆ.